ಹಳದಿ ಪಟ್ಟೆಯ ಗಿಡಗಳು

ಮೊನ್ನೆ ಪಕ್ಕದ ಮನೆಯವರು ತಮ್ಮ ಬಾಗಿಲಿಗೆ ಹಳದಿ ಬಣ್ಣ ಬಳಿಸಿದರು. ಓಣಿಗೆಲ್ಲ ಅದು ಎಣ್ಣೆಬಣ್ಣದ ವಾಸನೆ. ನನಗೆ ಮಾತ್ರ ಗುಡ್ಡದವ್ವನ ವಾಸನೆ. ನಮ್ಮ ಗುಡ್ಡದವ್ವ ಹುಟ್ಟಿದ್ದೇ ಅಂಥ ಒಂದು ಬಣ್ಣದ ಡಬ್ಬಿಯಿಂದ, ಹುಟ್ಟಿಸಿದವನು ನಾನು. ಮೆಟ್ರಿಕ್‌ವರೆಗೆ ಓದಿದವನು ದೇವರನ್ನು ಹುಟ್ಟಿಸಿದನೇ ಎಂದು ನೀವು ನಗಬಹುದು. ಹೆಚ್ಚು ಓದಿದವರು ಇಂಥ ಕೆಲಸಕ್ಕೆ ಕೈಹಾಕುವುದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಕಟಕೋಳದ ಕಡೆಯ ಗುಡ್ಡದಲ್ಲಿ ನಾನು ದಿನಗೂಲಿಯ ಅರಣ್ಯ ಕಾವಲುಗಾರ. ಅರಣ್ಯ ಎಂದರೆ ದೊಡ್ಡದಾಗಿ ಎಣಿಸಬೇಡಿ. ಬೇವು, ಜಾಲಿ, ಕಮರ, ಉಳಿದದ್ದು ಕಲ್ಲು. ಅಂಥ ಗುಡ್ಡಕ್ಕೂ ಪರದೇಶದವರ ನೆರವಿನ ಒಂದು ಯೋಜನೆ ಬಂತು. ಸಾಹೇಬರು ನನ್ನನ್ನು ಕೂರಿಸಿ ತಿಳಿಸಿ ಹೇಳಿದರು: ಜಗತ್ತು ಬಿಸಿಯಾಗುತ್ತಿದೆ, ಗಿಡಗಳು ಹೊಗೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಪ್ರತಿ ದೇಶವೂ ತನ್ನ ಕಾಡು ಎಷ್ಟು ಬೆಳೆಯಿತು ಎಷ್ಟು ಹೋಯಿತು ಎಂದು ಉಳಿದ ದೇಶಗಳ ಮುಂದೆ ಹೇಳಬೇಕು. ಮೇಲಿನಿಂದ ಉಪಗ್ರಹ ಚಿತ್ರ ತೆಗೆಯುತ್ತದೆ, ಕೆಳಗೆ ನಾವು ಟೇಪು ಹಿಡಿಯಬೇಕು. ಗುಡ್ಡವನ್ನೆಲ್ಲ ಅಳೆಯಲು ಆಗದು. ಅದಕ್ಕೆ ಒಂದು ತುಂಡು ಜಾಗ ಗುರುತು ಮಾಡಿ ಅಳೆಯುವುದು. ಅಲ್ಲಿ ಆದದ್ದೇ ಗುಡ್ಡಕ್ಕೆಲ್ಲ ಆಗಿದೆ ಎಂದು ತಿಳಿಯುವುದು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡಿದ ಹಾಗೆ.

ಗುಡ್ಡದ ಬುಡದಲ್ಲೇ ಜಾಗ ಗುರುತಾಯಿತು. ಅಲ್ಲಿನ ಗಿಡಗಳಿಗೆ ಎದೆಮಟ್ಟದಲ್ಲಿ ಹಳದಿ ಪಟ್ಟೆ ಹೊಡೆದು ನಂಬರು ಬರೆದೆವು.

ಆ ತುಂಡನ್ನು ಉಳಿದ ಗುಡ್ಡದಂತೆಯೇ ಬಿಡಬೇಕೆಂದು ಸಾಹೇಬರು ಹೇಳಿದ್ದರು. ಆದರೆ ಇನ್ಸ್‌ಪೆಕ್ಟರು ಬರುವ ದಿನ ಮುಂದಿನ ಸಾಲಿನಲ್ಲಿ ಜಾಣರನ್ನೇ ಕೂರಿಸುತ್ತಿದ್ದ ಶಾಲೆಯಲ್ಲಿ ಕಲಿತವನು ನಾನು. ನೋಡಲು ಬರುವವರಿಗೆ ಒಳ್ಳೆಯದನ್ನೇ ತೋರಿಸಬೇಕೆಂಬುದು ಮೈಗೆ ಹತ್ತಿತ್ತು. ನೌಕರಿ ಕಾಯಂ ಆದೀತೆಂಬ ಆಸೆಯೂ ಇತ್ತು.

ಅಲ್ಲಿ ಕಟ್ಟಿಗೆ ಕಡಿಯುತ್ತಿದ್ದವರಲ್ಲಿ ನಿಂಗವ್ವ ಮೊದಲಿನವಳು. ಮೊಣಕಾಲು ನೋವಿನವಳು, ಬುಡ ಬಿಟ್ಟು ಮೇಲೆ ಹತ್ತುತ್ತಿರಲಿಲ್ಲ.

“ನಿಂಗಕ್ಕಾ, ಪಟ್ಟಿ ಬಡದ ಗಿಡಾ ಗುಡ್ಡದವ್ವಗ ಬಿಟ್ಟಾರ. ಕೊಡ್ಲಿ ಹಚ್ಚಬ್ಯಾಡ,” ಎಂದೆ.

“ಯಾವಾಗಿಂದೋ ತಮ್ಮಾ?”

“ನಿನ್ನಿಯಿಂದ.”

ಅವಳು ಕೊಡಲಿ ಕೆಳಗಿಟ್ಟು ಕೈಮುಗಿದಳು. ಮುಂದಿನ ವಾರ ಬೇವಿನ ಗಿಡಕ್ಕೆ ಕುಂಕುಮ ಬಂತು, ಆಮೇಲೆ ಹಸಿರು ಬಳೆ. ಹೆಂಗಸರೆಲ್ಲ ಗುಡ್ಡದ ಹಿಂಬದಿಗೆ ಕಟ್ಟಿಗೆಗೆ ಹೋಗತೊಡಗಿದರು, ನಿಂಗವ್ವನೂ. ಒಂದು ಅಗುಳನ್ನು ನಾನು ಬೇರೆ ಒಲೆಯ ಮೇಲೆ ಬೇಯಿಸಿದ್ದೆ.

ಕೆಲವು ವರ್ಷ ಕಳೆದು ಮರು ಅಳತೆಗೆ ಸಾಹೇಬರ ಜೊತೆ ಆಫ್ರಿಕಾದ ಅರಣ್ಯಾಧಿಕಾರಿಯೊಬ್ಬರು ಬಂದರು. ಅವರ ದೇಶದಲ್ಲೂ ಹೀಗೆಯೇ ಅಳೆಯುತ್ತಾರಂತೆ, ನಮ್ಮ ಪದ್ಧತಿ ನೋಡಲು ಬಂದಿದ್ದರು. ನಾನು ಬೆಳಿಗ್ಗೆಯೇ ಹೋಗಿ ಒದ್ದೆ ಬಟ್ಟೆಯಿಂದ ಗಿಡದ ಮೇಲಿನ ದೇವಿಯನ್ನು ಒರೆಸಿ, ಬಳೆಗಳನ್ನು ಕಿಸೆಯಲ್ಲಿ ಹಾಕಿಕೊಂಡಿದ್ದೆ. ಪಟ್ಟೆಯ ಗಿಡಗಳು ದಪ್ಪಗೆ ಬೆಳೆದಿದ್ದವು. ಸುತ್ತಲಿನ ಗುಡ್ಡ ಹಜಾಮತಿ ಮಾಡಿಸಿಕೊಂಡಂತಿತ್ತು. ಆ ಅಧಿಕಾರಿ ತೊಗಟೆಯ ಬಿರುಕಿನಲ್ಲಿ ಬೆರಳಾಡಿಸಿ, ಹತ್ತಿದ ಕೆಂಪನ್ನು ಮೂಸಿ ನೋಡಿ, ಸಾಹೇಬರಿಗೆ ಏನೋ ಹೇಳಿದರು.

“ಅವರ ಕಡೀಗೂ ಕಾವಲುಗಾರರು ಅಳತಿ ಗಿಡಾ ಅಷ್ಟ ಕಾಯ್ತಿದ್ರಂತ,” ಎಂದರು ಸಾಹೇಬರು. “ಒಪ್ಪಿಕೊಂಡ್ರ ಲೆಕ್ಕಾ ತಿದ್ದಾಕ ಬರತೈತಿ, ಯಾರೂ ಬೈಯೂದಿಲ್ಲ ಅಂತಾರ. ನೀವೂ ಹಂಗ ಮಾಡೀರೇನು?”

“ಇಲ್ರಿ ಸಾಹೇಬ್ರ. ಇಲ್ಲೆ ಎಲ್ಲಾ ಗಿಡಾನೂ ನಮಗ ಒಂದ ರೀ,” ಎಂದೆ. ಕಿಸೆಯಲ್ಲಿ ಬಳೆ ಸದ್ದು ಮಾಡಿದವು.

ಅಷ್ಟರಲ್ಲಿ ನಿಂಗವ್ವ ಹಿಂಬದಿಯಿಂದ ಹೊರೆ ಹೊತ್ತು ಕುಂಟುತ್ತ ಇಳಿದು ಬಂದಳು. ಹೊರೆ ಇಳಿಸಿ, ನಮ್ಮನ್ನು ಲೆಕ್ಕಕ್ಕೆ ಹಿಡಿಯದೆ ಬೇವಿನ ಗಿಡಕ್ಕೆ ಕೈಮುಗಿದು, ಕಲ್ಲಿನ ಮೇಲೆ ಕೂತು ಮೊಣಕಾಲು ನೀವಿಕೊಂಡಳು. ಆಫ್ರಿಕಾದ ಅಧಿಕಾರಿ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಅವಳು ಎದ್ದಾಗ ಹೊರೆ ಎತ್ತಿ ತಲೆಯ ಮೇಲಿಟ್ಟವರು ಅವರೇ. ನಾನು ಟೇಪು ಹಿಡಿದು ನಿಂತಿದ್ದೆ.

ನಮ್ಮ ಗುಡ್ಡ ಹಸಿರಾಗುತ್ತಿದೆ ಎಂಬ ಸುದ್ದಿ ಬೆಳಗಾವಿ, ಬೆಂಗಳೂರು, ದಿಲ್ಲಿ ದಾಟಿ ಹೋಗಿರಬೇಕು. ಎಷ್ಟು ದೂರ ಹೋಯಿತೋ ನಾನರಿಯೆ. ನಿಂಗವ್ವ ಎಷ್ಟು ದೂರ ಹೋಗುತ್ತಿದ್ದಳೆಂಬುದನ್ನು ಮಾತ್ರ ನೋಡಿಬರಬಹುದಿತ್ತು, ನೋಡಲಿಲ್ಲ. ನೌಕರಿಯೂ ಕಾಯಂ ಆಗಲಿಲ್ಲ.

ಮೊನ್ನೆ ಆ ಬಣ್ಣದ ವಾಸನೆ ಯಾರಿಗಾದರೂ ಹೇಳು ಎಂದು ಬೆನ್ನು ಹತ್ತಿತು. ಆ ಸಾಹೇಬರು ಈಗ ಎಲ್ಲಿದ್ದಾರೋ. ನಿಂಗವ್ವ ಎರಡು ಓಣಿಯಾಚೆಯೇ ಇದ್ದಾಳೆ. ಹೋಗಿ ಎಲ್ಲವನ್ನೂ ಹೇಳಿದೆ.

“ಹಂಗಾರ ಅಲ್ಲೆ ಅವ್ವ ಇಲ್ಲ?”

“ಇಲ್ಲಕ್ಕಾ.”

ಅವಳು ಮೊಣಕಾಲ ಮೇಲೆ ಕೈಯಿಟ್ಟಳು. “ಈ ಮೊಣಕಾಲಿಗೆ ನಾ ಅಲ್ಲೇ ಹರಕಿ ಹೊತ್ತಿದ್ದೆ,” ಎಂದಳು. “ನೀರ ಕಾಸಾಕ ಕಟಗಿ ಮುಗದಾವ. ಒಂದ್ ಹೊರಿ ತಂದ ಹಾಕು. ಗುಡ್ಡದ ಹಿಂದಿಂದ ತರಬೇಕ ಮತ್ತ. ಅವ್ವನ ಗಿಡಾ ಮುಟ್ಟಿಗಿಟ್ಟೀ.”

ನಿನ್ನೆ ಹೋದೆ. ಹಿಂಬದಿಯಲ್ಲೂ ಈಗ ಜಾಲಿಕಂಟಿಯೇ ಗತಿ. ಒಣಗಿದ್ದನ್ನು ಆಯ್ದು ಕಟ್ಟಿ, ಏರಿ ಇಳಿದು, ಅವಳು ಕೂತಿದ್ದ ಕಲ್ಲಿನ ಹತ್ತಿರ ಬರುವಷ್ಟರಲ್ಲಿ ಸಾಕಾಗಿ ಹೊರೆ ಇಳಿಸಿದೆ. ಇಳಿಸಿದ ಮೇಲೆ ತಿಳಿಯಿತು, ಎತ್ತಿಕೊಡಲು ಇನ್ನೊಬ್ಬರು ಬೇಕು. ದಾರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಯಾರನ್ನಾದರೂ ಕಳಿಸು ಎಂದು ಗುಡ್ಡದವ್ವನಿಗೆ ಕೈಮುಗಿದು ಕೂತೆ.