ಐದು ತುಂಬಿ ಒಂದು ಬಿಡುವ ನೀರಗಂಟಿ

ಸೆಪ್ಟೆಂಬರ್ ಮುಗಿಯುತ್ತ ಬಂದಿದೆ. ಮೂರನೆಯ ಕೊಯ್ಲಿನ ಕುದುರೆಮೆಂತೆ ಹುಲ್ಲು ಹೊಲಗಳಲ್ಲಿ ಸಾಲುಸಾಲಾಗಿ ಒಣಗುತ್ತಿದೆ. ರಾತ್ರಿ ಬಿದ್ದ ಇಬ್ಬನಿ ಹೆಪ್ಪುಗಟ್ಟಿ, ಕಾಲುವೆ ಏರಿಯ ಮೇಲಿನ ಗರಿಕೆಯೆಲ್ಲ ನರೆತ ತಲೆಯಂತೆ ಕಾಣುತ್ತಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡೆಲ್ಫಾ ಹಾಗೆನ್ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ತೂಬಿನ ಮುಂದಿನ ಕಂಬಿಜಾಲರಿಯ ಬಳಿ ನಿಂತಿದ್ದಾರೆ. ಕವೆಗೋಲಿನಿಂದ ನೀರುಕಳೆಯನ್ನು ಎತ್ತಿ ಎತ್ತಿ ದಡಕ್ಕೆ ಎಸೆಯುತ್ತಿದ್ದಾರೆ. ಒದ್ದೆ ಕಳೆಯ ಜೊತೆಗೆ ಗಾಳಿಗೆ ಉರುಳಿ ಬಂದ ಮುಳ್ಳುಪೊದೆಗಳು, ಯಾರದೋ ಕೈಗವಸು, ಸತ್ತ ಮೀನು. ಜಾಲರಿ ತೆರವಾದಂತೆ ತಡೆದಿದ್ದ ನೀರು ನಿಟ್ಟುಸಿರು ಬಿಟ್ಟ ಹಾಗೆ ಕೆಳಗಿಳಿಯುತ್ತದೆ.

ಬಗ್ಗಿ ಏಳುವಾಗಲೆಲ್ಲ ಸೊಂಟದ ಬಲಕ್ಕೆ ಚರ್ಮದ ಒರೆಯಲ್ಲಿ ಸಣ್ಣದೊಂದು ರಿವಾಲ್ವರ್ ಅಲುಗುತ್ತದೆ. ಒರೆಯ ಅಂಚು ಸವೆದು ನುಣ್ಣಗಾಗಿದೆ. ಒಂದು ಕಡೆ ಇಕ್ಕಳ, ಇನ್ನೊಂದು ಕಡೆ ರಿವಾಲ್ವರ್. ಎರಡನ್ನೂ ಡೆಲ್ಫಾ ಒಂದೇ ರೀತಿ ನೋಡುತ್ತಾರೆ. ಅಥವಾ ಹಾಗೆಂದು ಹೇಳಿಕೊಳ್ಳುತ್ತಾರೆ.

ಮೊಂಟಾನಾದ ಮಿಲ್ಕ್ ನದಿ ಬಯಲಿನಲ್ಲಿ ಅವರು ಕಾಲುವೆಯ ನೀರಗಂಟಿ. ವಸಂತದಲ್ಲಿ ನೀರು ಬಿಟ್ಟ ದಿನದಿಂದ ಶರತ್ಕಾಲದಲ್ಲಿ ನಿಲ್ಲಿಸುವ ದಿನದವರೆಗೆ ಬೆಳಿಗ್ಗೆ ಒಂದು ಸಲ, ಇಳಿಹೊತ್ತಿಗೆ ಒಂದು ಸಲ, ಹಳೆಯ ಪಿಕಪ್ ಗಾಡಿಯಲ್ಲಿ ಹದಿನಾಲ್ಕು ಮೈಲಿ ಏರಿಯನ್ನು ಸುತ್ತುತ್ತಾರೆ. ಯಾರ ಹೊಲಕ್ಕೆ ಎಷ್ಟು ಹೊತ್ತು, ಯಾರ ತೂಬು ಎಷ್ಟು ಬೆರಳು ಎತ್ತಬೇಕು ಎಂಬುದು ಅವರ ಕೈಯಲ್ಲಿದೆ. ನೀರು ಸಿಕ್ಕವನು ಮರೆಯುತ್ತಾನೆ, ಸಿಗದವನು ಮನೆಗೇ ಬಂದು ಬೈಯುತ್ತಾನೆ. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಮದುವೆ ಮನೆಯಲ್ಲಿ ಅವರನ್ನು ಪರಿಚಯ ಮಾಡಿಕೊಡುವಾಗ ಜನ ಇವತ್ತಿಗೂ "ಟೋರ್ವಲ್ಡ್ ಮಗಳು" ಅನ್ನುತ್ತಾರೆ, "ನಮಗೆ ನೀರು ಕೊಡುವವಳು" ಅನ್ನುವುದಿಲ್ಲ.

ಮಣ್ಣಿನ ಏರಿಗೆ ದೊಡ್ಡ ಶತ್ರು ಪ್ರವಾಹವಲ್ಲ, ಬಿಲ. ನೆಲದಳಿಲು ಮೇಲಿನಿಂದ ತೋಡುತ್ತದೆ, ನೀರಿಲಿ ಒಳಗಿನಿಂದ ಕೊರೆಯುತ್ತದೆ. ಎರಡು ಬಿಲ ಒಂದಕ್ಕೊಂದು ಕೂಡಿಕೊಂಡ ದಿನ ಏರಿ ಒಡೆದು ಯಾರದೋ ವರ್ಷದ ಹುಲ್ಲು ಕೆಸರಾಗುತ್ತದೆ. ತೂಬಿನ ಚಕ್ರದ ಬುಡದಲ್ಲಿ ಬಿಸಿಲು ಕಾಯಿಸುತ್ತ ಮಲಗುವ, ಬಾಲ ಗಿಲಕಿಸುವ ವಿಷದ ಗಿಲಕಿ ಹಾವು ಬೇರೆ. ಅದಕ್ಕೇ ಇಲ್ಲಿನ ನೀರಗಂಟಿಗಳ ಸೊಂಟದಲ್ಲಿ ಮೊದಲಿನಿಂದಲೂ ಇಂಥದೊಂದು ಸಣ್ಣ ರಿವಾಲ್ವರ್. ಪಾಯಿಂಟ್ ಇಪ್ಪತ್ತೆರಡರ ಗುಂಡು, ಕಿರುಬೆರಳ ತುದಿಯಷ್ಟೇ ಗಾತ್ರ. ಒಂದೊಂದು ಗುಂಡಿಗೂ ಹಿಂದಿನ ಕುದುರೆಯನ್ನು, ಅಂದರೆ ಗುಂಡಿನ ಬೆನ್ನಿಗೆ ಬಡಿಯುವ ಪುಟ್ಟ ಸುತ್ತಿಗೆಯನ್ನು, ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕು, ಆಮೇಲಷ್ಟೇ ಟ್ರಿಗರ್ ಕೆಲಸ ಮಾಡುತ್ತದೆ. ಆತುರಗಾರರಿಗೆ ಹೇಳಿ ಮಾಡಿಸಿದ್ದಲ್ಲ.

"ಅವಸರ ಮಾಡೋಕೆ ಬಿಡಲ್ಲ ಇದು, ಅದಕ್ಕೇ ಇಷ್ಟ," ಎನ್ನುತ್ತಾರೆ ಡೆಲ್ಫಾ. "ಎಳೀಬೇಕು, ನೋಡ್ಬೇಕು, ಉಸಿರು ಬಿಡ್ಬೇಕು, ಹೊಡೀಬೇಕು. ಮತ್ತೆ ಮೊದಲಿಂದ. ನೀರಿನ ಮೇಲೆ ಮಾತ್ರ ಹೊಡೀಬಾರ್ದು. ಚಪ್ಪಟೆ ಕಲ್ಲಿನ ಹಾಗೆ ಪುಟಿದು ಎಲ್ಲಿಗೋ ಹೋಗುತ್ತೆ. ಯಾವಾಗಲೂ ಹಿಂದೆ ಮಣ್ಣಿರಬೇಕು."

ಅವರ ರಿವಾಲ್ವರಿನ ಉರುಳೆಯಲ್ಲಿ ಗುಂಡು ಕೂರುವ ಆರು ಮನೆಗಳಿವೆ. ಡೆಲ್ಫಾ ತುಂಬುವುದು ಐದೇ. ಒಂದು ತುಂಬಿ, ಒಂದು ಬಿಟ್ಟು, ನಾಲ್ಕು ತುಂಬಿ, ಖಾಲಿ ಮನೆಯನ್ನು ಕುದುರೆಯ ಕೆಳಗೆ ತಂದು ನಿಲ್ಲಿಸುತ್ತಾರೆ. ಈಗಿನ ಮಾದರಿಗಳಲ್ಲಿ ಕುದುರೆಗೆ ಪೆಟ್ಟು ಬಿದ್ದರೂ ಗುಂಡು ಹಾರದಂತೆ ಒಳಗೊಂದು ತಡೆ ಇಟ್ಟಿರುತ್ತಾರೆ, ಆರೂ ತುಂಬಿದರೆ ಅಪಾಯವಿಲ್ಲ. ಅವರದ್ದೂ ಈಗಿನ ಮಾದರಿಯೇ. ಆದರೂ ಐದು.

ಏರಿಯ ತುದಿಯ ಹೊಲದವನೊಬ್ಬ ನೀರು ತಡವಾದದ್ದಕ್ಕೆ ಗೊಣಗುತ್ತ ಬಂದು ಗಾಡಿಗೆ ಒರಗುತ್ತಾನೆ. "ನಿನ್ನ ಸೊಂಟದಲ್ಲಿ ಅದು ಇರೋದಕ್ಕೇ ನಾವೆಲ್ಲ ಬಾಯಿ ಮುಚ್ಕೊಂಡಿರೋದು ಕಣೆ, ಡೆಲ್ಫಾ."

"ಇದ್ರ ಗುಂಡಿಗೆ ನಿನ್ನ ಚರ್ಮ ತೂರೋ ತಾಕತ್ತಿಲ್ಲ, ಬಿಡು. ತೂಬು ಹತ್ತು ಗಂಟೆಗೆ ಎತ್ತೀನಿ. ಅಲ್ಲೀವರ್ಗೂ ಕಾಫಿ ಕುಡಿ."

ಅವನು ನಗುತ್ತ ಹೋಗುತ್ತಾನೆ. ಡೆಲ್ಫಾ ಗಾಡಿ ಹತ್ತಿ ಕೆಳಗಿನ ತೂಬಿನ ಕಡೆಗೆ ಹೊರಡುತ್ತಾರೆ. ಅಲ್ಲಿ ಎಲ್ಡನ್ ರಾಸ್ಲರ್ ಅವರ ಮನೆ. ಆ ಮನೆಯಲ್ಲಿ ಡೆಲ್ಫಾ ಐವತ್ತು ವರ್ಷದಿಂದ ಆಸೆಪಟ್ಟ ವಸ್ತುವೊಂದಿದೆ.

ಅದು ಅವರ ಅಪ್ಪನ ರಿವಾಲ್ವರ್. ಹಳೆಯ ಮಾದರಿ, ವಾಲ್ನಟ್ ಮರದ ಹಿಡಿ, ನಳಿಗೆಯ ನೀಲಿ ಬಣ್ಣ ಅಲ್ಲಲ್ಲಿ ಹೋಗಿ ಬೆಳ್ಳಿಯಾಗಿದೆ. ಟೋರ್ವಲ್ಡ್ ಹಾಗೆನ್ ಮಗಳಿಗೆ ಗುರಿ ಕಲಿಸಿದ್ದು ಅದರಲ್ಲಿ. ಭಾನುವಾರ ಚರ್ಚು ಮುಗಿಸಿ ಬಂದು, ಬೀನ್ಸಿನ ಖಾಲಿ ಡಬ್ಬಿಗಳನ್ನು ಏರಿಯ ಮಣ್ಣಿಗೆ ಆನಿಸಿಟ್ಟು, ಅಪ್ಪ ಮಗಳು ಸರದಿ ಮೇಲೆ ಹೊಡೆಯುತ್ತಿದ್ದರು. ಸೋತವರು ಪಾತ್ರೆ ತೊಳೆಯಬೇಕು. ಮಗಳು ಹನ್ನೆರಡಕ್ಕೆ ಕಾಲಿಟ್ಟ ಮೇಲೆ ಅಪ್ಪನೇ ಹೆಚ್ಚು ಪಾತ್ರೆ ತೊಳೆದರು. "ಹದಿಮೂರು ತುಂಬಿದ ದಿನ ಇದು ನಿನ್ನದು," ಎಂದಿದ್ದರು.

ಆ ಹುಟ್ಟುಹಬ್ಬ ಬರುವ ಮುಂಚೆ, ಅಕ್ಟೋಬರಿನ ಒಂದು ಬೆಳಿಗ್ಗೆ, ಟೋರ್ವಲ್ಡ್ ಕುದುರೆಗೆ ಜೀನು ಬಿಗಿಯುತ್ತಿದ್ದರು. ಪಟ್ಟಿ ಎಳೆಯಲು ಅಡ್ಡವಾಗಬಾರದೆಂದು ಕಾಲಿಡುವ ರಿಕಾಪನ್ನು ಎತ್ತಿ ಜೀನಿನ ಮುಂದಿನ ಕೊಂಬಿಗೆ ಸಿಕ್ಕಿಸಿದ್ದರು. ಅದು ಜಾರಿ ನೇರವಾಗಿ ಸೊಂಟದ ರಿವಾಲ್ವರಿನ ಕುದುರೆಯ ಮೇಲೆ ಬಡಿಯಿತು. ಹಳೆಯ ಮಾದರಿಗೆ ಒಳಗೆ ತಡೆಯಿಲ್ಲ. ಅದರ ಕೆಳಗೆ ಬಂದ ಗುಂಡಿನ ಮನೆ ಖಾಲಿ ಇದ್ದಿದ್ದರೆ ಟಕ್ ಎಂದು ಸುಮ್ಮನಾಗುತ್ತಿತ್ತು. ಖಾಲಿ ಇರಲಿಲ್ಲ. ಗುಂಡು ಮೊಣಕಾಲ ಪಕ್ಕದಿಂದ ಹೊಕ್ಕು ಮೀನಖಂಡದಲ್ಲಿ ಹೊರಬಿತ್ತು.

"ನಂಗೆ ದಿನಾ ಹೇಳಿಕೊಟ್ಟೋನು, ಐದು ತುಂಬು ಒಂದು ಬಿಡು ಅಂತ," ಡೆಲ್ಫಾ ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತಾರೆ. "ಆವತ್ತು ತಾನೇ ಆರು ತುಂಬಿದ್ದ. ಯಾಕಪ್ಪಾ ಅಂದ್ರೆ, 'ನೆಲದಳಿಲು ಜಾಸ್ತಿ ಇದ್ವು' ಅಂದ. ಅಕ್ಟೋಬರಲ್ಲಿ ಎಲ್ಲಿಯ ಅಳಿಲು! ಅವೆಲ್ಲ ಆಗಲೇ ಬಿಲದಲ್ಲಿ ನಿದ್ದೆ ಹೊಡೀತಿದ್ವು."

ಆ ಚಳಿಗಾಲ ಟೋರ್ವಲ್ಡ್ ಏಳಲಿಲ್ಲ. ಹಿಮ ಬೇಲಿಯ ಎತ್ತರಕ್ಕೆ ಬಿದ್ದಿತ್ತು. ಬೆಳಿಗ್ಗೆ ತಮ್ಮ ದನಗಳಿಗೆ ಮೇವು ಹಾಕಿ, ಮಧ್ಯಾಹ್ನ ಹಾಗೆನ್ನರ ಕೊಟ್ಟಿಗೆಗೆ ಬಂದು ಮೇವು ಹಾಕಿದ್ದು ನೆರೆಯ ಎಲ್ಡನ್. ಹಾಗೆನ್ನರ ಹುಲ್ಲು ಫೆಬ್ರವರಿಯಲ್ಲಿ ಮುಗಿದಾಗ ತಮ್ಮ ಬಣವೆಯಿಂದಲೇ ತಂದು ಹಾಕಿದರು. ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದರು. ಹಿಮ ಕರಗಿದ ಮೇಲೆ ಟೋರ್ವಲ್ಡ್ ಊರುಗೋಲಿನಲ್ಲಿ ಕುಂಟುತ್ತ ಹೋಗಿ, ಒರೆಯ ಸಮೇತ ರಿವಾಲ್ವರನ್ನು ಎಲ್ಡನ್ನರ ಕೈಗಿಟ್ಟರು. "ತಗೋ ಮಾರಾಯ. ಹುಲ್ಲಿಗೆ ಬದಲು ಅಂದ್ಕೋ. ಇದು ನನ್ನ ಕಣ್ಣಿಗೆ ಬೀಳೋದೇ ಬೇಡ."

ಡೆಲ್ಫಾ ಅಪ್ಪನ ಗಾಡಿಯಲ್ಲಿ ಕುಳಿತು ನೋಡುತ್ತಿದ್ದರು. ಹದಿಮೂರು ತುಂಬಿ ಮೂರು ವಾರವಾಗಿತ್ತು.

ಆಮೇಲೆ ನೀರಗಂಟಿಯಾದರು, ತಮ್ಮದೇ ರಿವಾಲ್ವರ್ ಕೊಂಡರು. ಚೆನ್ನಾಗಿದೆ, ಗುರಿ ತಪ್ಪುವುದಿಲ್ಲ. ಆದರೆ ಹೊಸದರ ಕುದುರೆ ಎಳೆದರೆ ಎರಡೇ ಸದ್ದು. ಹಳೆಯದರಲ್ಲಿ ನಾಲ್ಕು. ಮೊದಲಿನೆರಡು ಮೆತ್ತಗೆ, ಮೂರನೆಯದು ಸ್ವಲ್ಪ ಗಟ್ಟಿ, ನಾಲ್ಕನೆಯದು ಬಾಗಿಲ ಚಿಲಕ ಬಿದ್ದ ಹಾಗೆ. ಸಂಜೆ ಎಲ್ಡನ್ ತಮ್ಮ ಮನೆಯ ಹಿಂದೆ ಡಬ್ಬಿ ಹೊಡೆಯುತ್ತ ಕೂತರೆ, ತೂಬಿನ ಬಳಿ ನಿಂತ ಡೆಲ್ಫಾಗೆ ಗುಂಡಿನ ಸದ್ದಿಗಿಂತ ಮೊದಲು ಆ ನಾಲ್ಕು ಸದ್ದು ಕೇಳುತ್ತಿತ್ತು. ಅಷ್ಟು ದೂರಕ್ಕೆ ಕೇಳಿಸುವುದು ಸಾಧ್ಯವಿಲ್ಲ ಎಂದು ಅವರಿಗೂ ಗೊತ್ತು. "ಕೇಳ್ತಿತ್ತು," ಎನ್ನುತ್ತಾರೆ, ಅಷ್ಟೇ.

ಕೇಳಿ ತೆಗೆದುಕೊಳ್ಳಬಹುದಿತ್ತಲ್ಲ? ಈ ಬಯಲಿನಲ್ಲಿ ಹಾಗೆ ಕೇಳುವ ರೂಢಿಯಿಲ್ಲ. ಕೊಟ್ಟದ್ದು ಕೊಟ್ಟ ಹಾಗೆ. ಪ್ರತಿಯಾಗಿ ಒಂದು ಚಳಿಗಾಲದ ಹುಲ್ಲು ಕೊಟ್ಟು ಕೇಳೋಣವೆಂದು ಡೆಲ್ಫಾ ಎಷ್ಟೋ ಬೇಸಿಗೆ ಅಂದುಕೊಂಡರು. ಅಷ್ಟರಲ್ಲಿ ಎಲ್ಡನ್ ದನಗಳನ್ನೆಲ್ಲ ಮಾರಿಬಿಟ್ಟರು. "ದನಾನೇ ಇಲ್ದೋನಿಗೆ ಹುಲ್ಲು ಕೊಟ್ಟು ಏನು ಮಾಡ್ಲಿ? ಮೇಯಿ ಅನ್ಲಾ?"

ನಾಲ್ಕು ಬೇಸಿಗೆಯ ಹಿಂದೆ ಎಲ್ಡನ್ ತೂಬಿನ ಬಳಿಗೆ ತಾವೇ ನಡೆದು ಬಂದರು. ಎಂಬತ್ತು ದಾಟಿದ ಮುದುಕರ ಬೆರಳ ಗಂಟುಗಳು ಊದಿ, ಹೆಬ್ಬೆರಳು ಕುದುರೆಯನ್ನು ಎಳೆಯಲಾರದಾಗಿತ್ತು. "ಏ ಹುಡುಗಿ, ಐದು ಗುಂಡು ಹೊಡೆದು ಹೋಗ್ತೀಯಾ? ನಾನು ಕೂತು ಕೇಳ್ತೀನಿ." ಡೆಲ್ಫಾಗೆ ಆಗ ಐವತ್ತೊಂಬತ್ತು.

ಅಂದಿನಿಂದ ಸಂಜೆಯ ಸುತ್ತು ಮುಗಿಯುವುದು ಅಲ್ಲೇ. ಎಲ್ಡನ್ ಮಡಚುಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಡೆಲ್ಫಾ ಅಪ್ಪನ ರಿವಾಲ್ವರಿನ ಉರುಳೆಯ ಪಕ್ಕದ ಪುಟ್ಟ ಬಾಗಿಲು ತೆರೆದು ಒಂದು ತುಂಬುತ್ತಾರೆ, ಒಂದು ಬಿಡುತ್ತಾರೆ, ನಾಲ್ಕು ತುಂಬುತ್ತಾರೆ. ಎಳೆಯುತ್ತಾರೆ. ನಾಲ್ಕು ಸದ್ದು, ಆಮೇಲೆ ಒಣ ಕಡ್ಡಿ ಮುರಿದಂಥ ಗುಂಡಿನ ಸದ್ದು, ಡಬ್ಬಿ ಎಗರುತ್ತದೆ. ಅಂಗೈಗೆ ಹಿಡಿ ಹೊಂದಿಕೊಳ್ಳುವಾಗ ಅಪ್ಪನ ಹೆಬ್ಬೆರಳು ಸವೆಸಿದ ಜಾಗ ತಮ್ಮ ಹೆಬ್ಬೆರಳಿಗೆ ಸಿಗುತ್ತದೆ.

"ಮೂರನೇದು ಎಡಕ್ಕೆ ಹೋಯ್ತು," ಎನ್ನುತ್ತಾರೆ ಎಲ್ಡನ್, ಕಣ್ಣು ತೆರೆಯದೆ.

"ಕಣ್ಣು ಮುಚ್ಕೊಂಡು ಲೆಕ್ಕ ಹಾಕ್ಬೇಡ ಮುದುಕಪ್ಪ. ಡಬ್ಬಿ ಬಿದ್ದಿದೆ."

"ಗಾಳಿಗೆ ಬಿತ್ತು."

ಹೊಡೆದು, ಒರೆಸಿ, ಎಣ್ಣೆ ಹಚ್ಚಿ, ಹಿಡಿಯನ್ನು ಮುಂದೆ ಮಾಡಿ ವಾಪಸು ಕೊಟ್ಟು ಬರುವುದು. ಪ್ರತಿ ಸಂಜೆ ಕೈಗೆ ಬರುತ್ತದೆ, ಪ್ರತಿ ಸಂಜೆ ಕೈಯಿಂದ ಹೋಗುತ್ತದೆ. ಚಳಿಗಾಲದಲ್ಲಿ, ನೀರಿಲ್ಲದ ತಿಂಗಳುಗಳಲ್ಲಿ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಹೆಬ್ಬೆರಳು ತಾನಾಗಿ ಮಡಚಿ ಎಳೆಯುತ್ತದಂತೆ. ಹೇಳುವಾಗ ಡೆಲ್ಫಾ ನಾಚಿಕೊಳ್ಳುತ್ತಾರೆ.

ಇವತ್ತು ಎಲ್ಡನ್ನರ ಅಂಗಳದಲ್ಲಿ ಅವರ ಮಗಳು ಮಾರ್ಲಿಸ್‌ಳ ಕಾರು ನಿಂತಿದೆ, ಹಿಂದಿನ ಬಾಗಿಲು ತೆರೆದಿದೆ. ಅಪ್ಪನನ್ನು ಚಳಿಗಾಲಕ್ಕೆ ಪಟ್ಟಣದ ತನ್ನ ಮನೆಗೆ ಕರೆದೊಯ್ಯಲು ಬಂದಿದ್ದಾಳೆ. ಚಳಿಗಾಲಕ್ಕೆ ಎಂದು ಹೇಳುತ್ತಿದ್ದಾಳೆ. ಅಡುಗೆಮನೆಯ ಮೇಜಿನ ಮೇಲೆ ಅವಳು ಮಾಡಿ ತಂದ ಹಾಲುಕೆನೆಯ ಕುಹೆನ್ ಕೇಕು ಇದೆ, ಪಕ್ಕದಲ್ಲಿ ಒರೆಯ ಸಮೇತ ರಿವಾಲ್ವರ್. ಜಗಳ ಅರ್ಧಕ್ಕೆ ಬಂದಿದೆ.

"ಮೊಮ್ಮಕ್ಕಳಿರೋ ಮನೆ ಅಪ್ಪ. ಗುಂಡು ಹಾರೋ ವಸ್ತು ನನ್ನ ಮನೆಯೊಳಗೆ ಬರಲ್ಲ. ಬೇಕಾದ್ರೆ ಕಂಪನಿಗೆ ಕಳಿಸೋಣ, ಒಳಗೆ ತಡೆ ಹಾಕಿ ಕೊಡ್ತಾರಂತೆ, ಬಿಟ್ಟಿಯಾಗಿ."

"ತಡೆ ಹಾಕಿದ್ರೆ ಅದ್ರ ಸದ್ದೇ ಹೋಗುತ್ತೆ. ಆಮೇಲೆ ಅದನ್ನ ಇಟ್ಕೊಂಡು ಏನು, ಮೊಳೆ ಹೊಡೀಲಾ?"

"ನೀನಾದ್ರೂ ಹೇಳೇ, ಡೆಲ್ಫಾ."

ಡೆಲ್ಫಾ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಬಾಯಿಗೆ ಬಂದದ್ದನ್ನು ಎರಡು ಸಲ ನುಂಗುತ್ತಾರೆ. ಮೂರನೆಯ ಸಲ ನುಂಗಲಾಗುವುದಿಲ್ಲ.

"ನಂಗೆ ಕೊಡ್ತೀಯಾ, ಎಲ್ಡನ್?"

ಎಲ್ಡನ್ ತಲೆಯೆತ್ತಿ ಅವರನ್ನು ನೋಡುತ್ತಾರೆ. ಆಮೇಲೆ ಮುದುಕರ ಮುಖದ ಸುಕ್ಕುಗಳೆಲ್ಲ ಒಂದು ಕಡೆಗೆ ಸರಿಯುತ್ತವೆ. "ಇಷ್ಟು ವರ್ಷ ಬೇಕಾಯ್ತಾ ಹುಡುಗಿ ಬಾಯಿ ಬಿಡೋಕೆ? ಆವತ್ತು ಗಾಡಿಯಲ್ಲಿ ಕೂತು ನೋಡ್ತಿದ್ದೆಯಲ್ಲ, ಆ ಮುಖ ನಾನಿನ್ನೂ ಮರೆತಿಲ್ಲ. ಕೇಳ್ತಾಳೆ, ಕೇಳ್ತಾಳೆ ಅಂತ ಕಾದೆ. ಕೇಳ್ದೆ ಕೊಡೋಕೆ ನಿಮ್ಮಪ್ಪನ ಮರ್ಯಾದೆ ಅಡ್ಡ ಬಂತು."

"ಈಗ ಕೇಳಿದೀನಿ."

"ಅದರ ಉರುಳೆ ಹಿಡಿದಿರೋ ಕಂಬಿ ಎಳಿ. ನನ್ನ ಬೆರಳಿಗೆ ಆಗಲ್ಲ."

ಡೆಲ್ಫಾ ಉರುಳೆಯ ಪುಟ್ಟ ಬಾಗಿಲು ತೆರೆದು, ಆರೂ ಮನೆಗಳು ಖಾಲಿ ಇವೆಯೆಂದು ನೋಡಿ, ನಳಿಗೆಯ ಕೆಳಗಿನ ಕಂಬಿಯನ್ನು ಹೊರಗೆ ಎಳೆಯುತ್ತಾರೆ. ಉರುಳೆ ಪಕ್ಕಕ್ಕೆ ಜಾರಿ ಅಂಗೈಗೆ ಬೀಳುತ್ತದೆ. ನಿಂಬೆಹಣ್ಣಿಗಿಂತ ಚಿಕ್ಕದು, ಗಾತ್ರಕ್ಕಿಂತ ಭಾರ. ಎಲ್ಡನ್ ಉಳಿದದ್ದನ್ನು ತಮ್ಮ ಕಡೆಗೆ ಎಳೆದುಕೊಂಡು, ಕಂಬಿಯನ್ನು ಮೊದಲಿನ ಜಾಗಕ್ಕೆ ದೂಡಿ, ಮಗಳಿಗೆ ತೋರಿಸುತ್ತಾರೆ. ನಡುವೆ ಚೌಕಾಕಾರದ ತೂತು, ಅದರಾಚೆ ಕಿಟಕಿ.

"ನೋಡು, ಇನ್ನು ಇದು ಗುಂಡು ಹಾರಿಸಲ್ಲ. ಇದು ನನ್ನ ಜೊತೆ ಬರುತ್ತೆ, ಅದು ಅವಳ ಹತ್ರ ಇರುತ್ತೆ."

"ಪೂರ್ತಿ ಕೊಟ್ಬಿಡಪ್ಪ ಅವಳಿಗೆ," ಮಾರ್ಲಿಸ್‌ಳ ದನಿ ಈಗ ಮೆತ್ತಗಾಗಿದೆ.

"ಪೂರ್ತಿ ಕೊಟ್ರೆ ನನ್ನನ್ನ ನೋಡೋಕೆ ಪಟ್ಟಣಕ್ಕೆ ಯಾಕೆ ಬರ್ತಾಳೆ? ನಿನ್ನ ಕುಹೆನ್ ತಿನ್ನೋಕಾ?"

ಮೂವರೂ ನಗುತ್ತಾರೆ. ಮಾರ್ಲಿಸ್ ಕುಹೆನ್ ಕತ್ತರಿಸಿ ಕೊಡುತ್ತಾಳೆ. ಡೆಲ್ಫಾ ನಿಂತುಕೊಂಡೇ ತಿನ್ನುತ್ತಾರೆ, ಎಡಗೈಯನ್ನು ಜೇಬಿನಿಂದ ತೆಗೆಯುವುದಿಲ್ಲ.

ಈ ವರ್ಷದ ನೀರು ನಿಲ್ಲಿಸುವ ದಿನವೂ ಇದೇ. ಸಂಜೆಯಾಗಿದೆ. ಕೆಳಗಿನ ತೂಬಿನ ಚಕ್ರವನ್ನು ಡೆಲ್ಫಾ ಕೊನೆಯ ಸುತ್ತಿನವರೆಗೆ ತಿರುಗಿಸಿ ಬೀಗ ಹಾಕುತ್ತಾರೆ. ಕಾಲುವೆಯ ನೀರು ಇಳಿಯುತ್ತ, ಕೆಸರಿನ ಮೇಲೆ ಹಕ್ಕಿಗಳ ಹೆಜ್ಜೆ ಮೂಡುತ್ತದೆ. ರಾಸ್ಲರ್ ಮನೆಯ ಕಿಟಕಿಗಳಿಗೆ ಪರದೆ ಎಳೆದಿದೆ. ಹಿಂದಿನ ಏರಿಯಲ್ಲಿ ಮಡಚುಕುರ್ಚಿ ಹಾಗೇ ಉಳಿದಿದೆ, ಎದುರಿಗೆ ತೂತುಬಿದ್ದ ಡಬ್ಬಿಗಳು. ಕುರ್ಚಿಯನ್ನು ಮಡಚಿ ಗಾಡಿಗೆ ಹಾಕಿಕೊಳ್ಳುತ್ತಾರೆ. ಹಿಮಕ್ಕೆ ಹಾಳಾಗುತ್ತದೆ ಎನ್ನುತ್ತಾರೆ.

ಅಂಗಿಯ ಜೇಬಿನಿಂದ ಉರುಳೆಯನ್ನು ತೆಗೆದು, ಬೆರಳುಗಳ ನಡುವೆ ಮೆಲ್ಲಗೆ ತಿರುಗಿಸಿ ಕಿವಿಯ ಹತ್ತಿರ ಹಿಡಿಯುತ್ತಾರೆ.

"ಬರೀ ಇದನ್ನ ತಿರುಗಿಸಿದ್ರೆ ಸದ್ದು ಬರಲ್ಲ. ಸದ್ದು ಅವನ ಜೊತೆ ಹೋಯ್ತು," ಎನ್ನುತ್ತಾರೆ. "ಹುಲ್ಲಿನ ಸಾಲ ಹಾಗೇ ಇದೆ, ಇರಲಿ. ಮೇ ತಿಂಗಳಲ್ಲಿ ನೀರು ಬಿಡ್ತಾರೆ. ಆ ಮುದುಕನ್ನ ಕರ್ಕೊಂಡ್ಬಂದು ಇಲ್ಲಿ ಕೂರಿಸ್ಬೇಕು. ಮೂರನೇದು ಎಡಕ್ಕೆ ಹೋಯ್ತು ಅಂತ ಅವನು ಹೇಳ್ಬೇಕು."