ಇಂದುಮತಿಯಮ್ಮನವರ ಗ್ಯಾಸ್ ಒಲೆ

ಇಂದುಮತಿಯಮ್ಮನವರ ಮಡಿ ಅಂದರೆ ಮಡಿ! ತಿರುವನಂತಪುರದ ಶ್ರೀಕಾರ್ಯಂನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಆದರೂ ಅವರ ಅಡಿಗೆಮನೆಯ ಹೊಸಿಲು ದಾಟುವ ಯೋಗ ಆ ಒಂದು ದಿನದವರೆಗೆ ನನಗೆ ಬರಲಿಲ್ಲ. ನನಗಿರಲಿ, ಹೊಟ್ಟೆಯಲ್ಲಿ ಹುಟ್ಟಿದ ಮಗ ಹಯವದನನಿಗೇ ಬರಲಿಲ್ಲ. ಅವನು ಅಲ್ಲೇ ತುಂಬಾ ಅನ್ನೋ ಊರಿನ ರಾಕೆಟ್ ಕೇಂದ್ರದಲ್ಲಿ ಇಂಜಿನಿಯರು. ಊರೆಲ್ಲ ಬಾಯಿ ಬಿಟ್ಟು ನೋಡುವ ಕೆಲಸ. ಮನೆಗೆ ಬಂದರೆ ಹೊಸಿಲ ಆಚೆ ನಿಂತು, "ಅಮ್ಮಾ, ಕಾಫಿ" ಅನ್ನಬೇಕು.

ಇಂದುಮತಿಯಮ್ಮ ನಂಜನಗೂಡಿನ ಹತ್ತಿರದ ಹೆಣ್ಣುಮಗಳು. ಲಂಗ ಉಡುವ ವಯಸ್ಸಿಗೇ ಮದುವೆ, ಬಂದ ಮರುದಿನವೇ ಒಲೆಯ ಮುಂದೆ ಕೂತವರು. ಗಂಡ ಹೋದ ಮೇಲೆ ಮಗನ ಜೊತೆ ಮೊದಲು ಕೊಚ್ಚಿಗೆ ಬಂದರು. ಅಲ್ಲಿ ಪಾಲಾರಿವಟ್ಟಂನಲ್ಲಿ ಗ್ಯಾಸಿಗೆ ಹೆಸರು ಬರೆಸಿ, ಇನ್ನೇನು ಸರದಿ ಬಂತು ಅನ್ನುವಾಗ ಮಗನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಇಲ್ಲಿ ಮತ್ತೆ ಮೊದಲಿಂದ! ಅಲ್ಲಿಯವರೆಗೆ ಸೀಮೆಎಣ್ಣೆ ಸ್ಟೌವಿನ ಹೊಗೆ ಕುಡಿದು ಕೆಮ್ಮುತ್ತಿದ್ದರೇ ಹೊರತು ಒಂದು ದಿನ ಸೊಸೆ ಪ್ರೇಮಾಳ ಕೈಗೆ ಸೌಟು ಕೊಟ್ಟವರಲ್ಲ. "ನನಗೆ ಬರೋದು ಇದೊಂದೇ ಕಣೆ ನಿರ್ಮಲ, ಇದನ್ನೂ ಬಿಟ್ಟರೆ ಮೂಲೆಯ ಮಣೆ ಆಗಿಬಿಡ್ತೀನಿ" ಅಂತ ನನ್ನ ಹತ್ತಿರ ಅನ್ನುತ್ತಿದ್ದರು.

ಎಪ್ಪತ್ಮೂರರಲ್ಲೋ ಎಪ್ಪತ್ನಾಲ್ಕರಲ್ಲೋ ಅಂತೂ ಗ್ಯಾಸ್ ಬಂತು. ಒಲೆ ಕೂಡಿಸಲು ಬಂದ ದಾಮೋದರನ್ ಒಳಗೆ ಕಾಲಿಟ್ಟದ್ದಕ್ಕೇ ಅಡಿಗೆಮನೆಯನ್ನೆಲ್ಲ ತೊಳೆದರು. ಸಿಲಿಂಡರಿಗೂ ಸ್ನಾನವಾಯಿತು. ಅಷ್ಟರಲ್ಲಿ ಅವರು ಮಡಿಯುಟ್ಟಾಗಿತ್ತು, ಇನ್ನು ಯಾರೂ ಒಳಗೆ ಹೋಗುವಂತಿಲ್ಲ. ದಾಮೋದರನ್ ಹೊಸಿಲಾಚೆಯಿಂದ ಮಲಯಾಳದಲ್ಲಿ ಹೇಳಿದ, ಪ್ರೇಮ ಕನ್ನಡದಲ್ಲಿ ಹೇಳಿದಳು. ಮೊದಲು ಕೆಳಗಿನ ಸಿಲಿಂಡರಿನ ಚಕ್ರ ತಿರುಗಿಸಿ, ಆಮೇಲೆ ಒಲೆಯ ಕಿವಿ ತಿರುಗಿಸಿ, ಕಡ್ಡಿ ಗೀರಿ, ಈ ಕಡೆ ದೊಡ್ಡ ಉರಿ, ಆ ಕಡೆ ಸಣ್ಣ ಉರಿ. ನೀಲಿ ಉರಿ ಭಗ್ಗೆಂದಾಗ ಇಂದುಮತಿಯಮ್ಮ, "ಅಯ್ಯೋ ನನ್ನಪ್ಪಾ, ಮಸಿಯೇ ಇಲ್ಲವಲ್ಲೋ!" ಎಂದು ಕೈ ಮುಗಿದರು. ಸಿಹಿ ಹಂಚಿದರು. ಎಲ್ಲರೂ ಮನೆಗೆ ಹೋದೆವು.

ಆಮೇಲೆ ಶುರುವಾಯಿತು ನೋಡಿ, ವಾಸನೆ. ದಿನಾ ಅಡಿಗೆ ಮುಗಿಯುವ ಹೊತ್ತಿಗೆ ಕೊಳೆತ ಎಲೆಕೋಸಿನ ಹಾಗೆ ಒಂದು ನಾತ. ಹಯವದನ ದಾಮೋದರನನ್ನು ಕರೆಸಿ ರೇಗಾಡಿದ. ಟ್ಯೂಬು ಬದಲಾಯಿತು, ರೆಗ್ಯುಲೇಟರು ಬದಲಾಯಿತು. ಸೋಪಿನ ನೀರು ಹಚ್ಚಿ ನೋಡಿದರೆ ಒಂದು ಗುಳ್ಳೆ ಇಲ್ಲ. "ಲೀಕ್ ಇಲ್ಲ ಸಾರೇ, ಸತ್ಯಂ" ಅಂತ ಅವನು ಆಣೆ ಹಾಕಿದ. ಅತ್ತೆ ನೈವೇದ್ಯಕ್ಕೆ ದೇವರ ಕೋಣೆಗೆ ಹೋಗುತ್ತಲೇ ಪ್ರೇಮ ಕದ್ದು ಒಳಗೆ ನುಗ್ಗಿ ಸಿಲಿಂಡರಿನ ಚಕ್ರ ಬಿಗಿಯುತ್ತಿದ್ದಳು. ಅವಳ ಆ ಹೆದರಿಕೆಯೇ ಅಷ್ಟು ದಿನ ಆ ಮನೆಯನ್ನು ಕಾದಿತ್ತು ಅಂತ ಯಾರಿಗೆ ಗೊತ್ತಿತ್ತು?

ಅವತ್ತು ದ್ವಾದಶಿ. ಹಿಂದಿನ ದಿನ ಇಂದುಮತಿಯಮ್ಮ ಒಂದು ಗುಟುಕು ನೀರೂ ಮುಟ್ಟದೆ ಉಪವಾಸವಿದ್ದರು. ಪ್ರೇಮಾಳಿಗೆ ಹಲ್ಲುನೋವಾಗಿ ಕೆನ್ನೆ ಬನ್ನಿನ ಹಾಗೆ ಊದಿತ್ತು, ಬೆಳಕು ಹರಿಯುತ್ತಲೇ ಹಯವದನ ಅವಳನ್ನು ಸ್ಕೂಟರಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಪಡಸಾಲೆಯ ತೊಟ್ಟಿಲಲ್ಲಿ ಅವರ ಕೂಸು ನಿದ್ದೆ ಮಾಡುತ್ತಿತ್ತು.

ಕರಿಬೇವು ಕೇಳೋಣ ಅಂತ ನಾನು ಬಾಗಿಲು ತಳ್ಳಿದೆ. ಗಪ್ಪೆಂದು ಮೂಗಿಗೆ ಹೊಡೆಯಿತು, ಗ್ಯಾಸು! ಮಳೆ ಎರಚಲು ಅಂತ ಕಿಟಕಿಗಳೆಲ್ಲ ಭದ್ರ. ಇಂದುಮತಿಯಮ್ಮ ದೇವರ ಕೋಣೆಯಿಂದ ಬಂದು ಅಡಿಗೆಮನೆಗೆ ಹೊರಟಿದ್ದರು. ಒಂದು ಕೈಯಲ್ಲಿ ಕೂಸಿನ ಹಾಲಿನ ಪಾತ್ರೆ, ಇನ್ನೊಂದರಲ್ಲಿ ಬೆಂಕಿಪೊಟ್ಟಣ.

ಹಾರಿ ಹೋಗಿ ಬೆಂಕಿಪೊಟ್ಟಣ ಕಿತ್ತುಕೊಂಡೆ, ಅಡಿಗೆಮನೆಗೆ ನುಗ್ಗಿ ಚಕ್ರ ಬಿಗಿದೆ, ಕಿಟಕಿ ತೆರೆದೆ.

"ಮುಟ್ಟಿಬಿಟ್ಟೆಯೇನೇ ಮುಂಡೇದೇ! ಪಾರಣೆ ಅಡಿಗೆ ಎಲ್ಲ ಮೈಲಿಗೆ ಮಾಡಿದೆಯಲ್ಲೇ!" ಅವರು ಸಿಟ್ಟಿಗೆ ಕಿರುಚಿದರು.

"ಮೈಲಿಗೆ ಹಾಳಾಗಿ ಹೋಗಲಿ! ಒಲೆ ಯಾಕೆ ಆರಿಸಲಿಲ್ಲ?" ನಾನೂ ಕಿರುಚಿದೆ.

"ಆರಿಸಿದೆನಲ್ಲೇ!"

ನೋಡಿದೆ. ಒಲೆಯ ಕಿವಿ ಸಣ್ಣ ಉರಿಯಲ್ಲೇ ನಿಂತಿತ್ತು. ಬರ್ನರಿನ ಮೇಲೆಲ್ಲ ಹಾಲಿನ ಹನಿ.

"ಇದೇನು ಹಾಲು?"

"ಏನು ಅಂದರೆ? ಅಡಿಗೆ ಮುಗಿದ ಮೇಲೆ ಅಗ್ನಿಗೆ ಒಂದು ಉದ್ಧರಣೆ ಹಾಲು ಹಾಕಿ ಶಾಂತ ಮಾಡಬೇಡವೇ? ನಮ್ಮಮ್ಮ ಮಾಡ್ತಿದ್ದಳು, ಅತ್ತೆ ಮಾಡ್ತಿದ್ದರು. ದಿನಾ ಮಾಡ್ತೀನಿ. ಉರಿ ಶಾಂತವಾದ ಮೇಲೆ ಇನ್ನೇನು ಉಳಿಯುತ್ತೆ?"

ದಿನಾ! ಸೌದೆ ಒಲೆಗೆ ಮಾಡುವ ಹಾಗೆ ದಿನಾ ಹಾಲು ಹಾಕಿ ಉರಿ ನಂದಿಸಿದ್ದಾರೆ, ಕಿವಿ ಮುಚ್ಚಿಯೇ ಇಲ್ಲ. ಉರಿ ಹೋದರೂ ಗ್ಯಾಸು ಬರುತ್ತಲೇ ಇರುತ್ತೆ, ಕಡ್ಡಿ ಗೀರಿದ್ದರೆ ಮನೆಯೇ ಹಾರಿಹೋಗುತ್ತಿತ್ತು ಅಂತ ಬಿಡಿಸಿ ಹೇಳಿದೆ. ಅವರು ಒಲೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ತೊಟ್ಟಿಲ ಕಡೆ ತಿರುಗಿದರು. ಕೈಯಲ್ಲಿದ್ದ ಹಾಲಿನ ಪಾತ್ರೆ ಜಾರಿ ಬಿತ್ತು.

ಹಯವದನ ಬಂದವನೇ ವಿಷಯ ಕೇಳಿ ಬಿಳಿಚಿಕೊಂಡ. ಪ್ರೇಮ ಕೂಸನ್ನು ಎದೆಗವುಚಿಕೊಂಡು ಗೋಳೋ ಎಂದು ಅತ್ತಳು. "ಇನ್ನು ನೀನು ಒಲೆ ಮುಟ್ಟಬೇಡ ಅಮ್ಮಾ, ಮುಗೀತು!" ಅಂತ ಅವನು ಗದರಿದ.

ನನಗೆ ಪಿತ್ತ ನೆತ್ತಿಗೇರಿತು. "ಹಚ್ಚೋದು ಹೇಳಿಕೊಟ್ಟಿರಿ, ಸಣ್ಣ ಉರಿ ದೊಡ್ಡ ಉರಿ ಹೇಳಿಕೊಟ್ಟಿರಿ. ಆರಿಸೋದನ್ನ ಅವರಿಗೆ ಯಾರಪ್ಪಾ ಹೇಳಿಕೊಟ್ಟಿದ್ದು? ನಾವೆಲ್ಲ ಸಿಹಿ ತಿಂದು ಎದ್ದು ಹೋದೆವಲ್ಲ!" ಎಂದೆ. ಪಾಪ, ಹಯವದನ ತಾನೇ ಅಮ್ಮನ ಕೈ ಹಿಡಿದು, "ಬಾಮ್ಮಾ, ತೋರಿಸ್ತೀನಿ. ನೀನೇ ಮಾಡು" ಅಂತ ಅಡಿಗೆಮನೆಗೆ ಕರೆದ.

ಮೈಲಿಗೆ ಅನ್ನಲಿಲ್ಲ ಇಂದುಮತಿಯಮ್ಮ. ಮಗನ ಕೈ ಬಿಡಿಸಿಕೊಂಡು ಹೊಸಿಲ ಆಚೆಯೇ ಗೋಡೆಗೊರಗಿ ಕೂತುಬಿಟ್ಟರು. ಉಪವಾಸದ ಬಾಯಿಗೆ ಒಂದು ಲೋಟ ನೀರು ಕೊಟ್ಟೆ, ನನ್ನ ಕೈಯಿಂದಲೇ ಕುಡಿದರು. ಕುಡಿದು ನನ್ನ ಸೆರಗು ಹಿಡಿದುಕೊಂಡರು.

"ಹಾಲು ಹಾಕುವಾಗ ದಿನಾ ಒಂದೇ ಬೇಡಿಕೊಳ್ತಿದ್ದೆ ಕಣೆ ನಿರ್ಮಲ," ಅಂದರು. "ಆ ಕೂಸಿಗೆ ಆಯುಸ್ಸು ಕೊಡಪ್ಪಾ ಅಂತ."