ಏಳು ನೀರು

ಜಾನ್ಸ್ ಕ್ರೀಕ್‌ನ ಕೇಶವಮೂರ್ತಿಯವರು ಆಫ್ರಿಕಾ ಕಂಡವರಲ್ಲ. ಒಮ್ಮೆ ಅಡಿಸ್ ಅಬಾಬಾದ ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಕೂತಿದ್ದರು, ಅಷ್ಟೆ. ಆದರೆ 2023ರಲ್ಲಿ ಸಾಫ್ಟ್‌ವೇರ್ ಕಂಪನಿ ಅವರನ್ನು ಮನೆಗೆ ಕಳಿಸಿದ ಆರೇ ತಿಂಗಳಲ್ಲಿ ಅಟ್ಲಾಂಟಾ ಸುತ್ತಲಿನ ಕನ್ನಡಿಗರ ಪಾಲಿಗೆ ಆಫ್ರಿಕಾದ ಮೂಲಿಕೆಗಳ ಪಂಡಿತರಾದರು. ಭಾನುವಾರ ಬೆಳಿಗ್ಗೆ ಜೂಮ್‌ನಲ್ಲಿ ಉಪನ್ಯಾಸ. ಹಿಂದೆ ಗೋಡೆಯ ಮೇಲೆ ಮರದ ಮುಖವಾಡ, ಮುಂದೆ ಗಿಡದ ಕುಂಡ, ಪಕ್ಕದಲ್ಲಿ ಕಾಫಿ. ಮುಖವಾಡದ ಧೂಳು ಒರೆಸಿ, ಕುಂಡ ಹೊತ್ತು ತಂದು, ಕಾಫಿ ಇಟ್ಟವಳು ಕ್ಯಾಮೆರಾಗೆ ಸಿಗದಂತೆ ಬಗ್ಗಿ ಆಚೆ ಹೋಗುತ್ತಿದ್ದಳು. ಅವಳೇ ಅವರ ಹೆಂಡತಿ ಜಯಾ.

ಗಿಡ ಬಂದದ್ದು ಬೇಲಿಯಾಚೆಯ ಇಫೆಯೋಮಾಳಿಂದ. ನೈಜೀರಿಯಾದ ಎನುಗುವಿನವಳು, ನರ್ಸ್. ಅವಳ ಅಜ್ಜಿ ಊರಲ್ಲಿ ಮದ್ದು ಕೊಡುತ್ತಿದ್ದ ಹೆಂಗಸು. ಜ್ವರಕ್ಕೆ, ಹೊಟ್ಟೆನೋವಿಗೆ ಈ ಕಹಿಸೊಪ್ಪಿನ ರಸ ಒಂದೆರಡು ಚಮಚ. ಊಟಕ್ಕಾದರೆ ಉಪ್ಪು ಹಾಕಿ ಉಜ್ಜಿ, ಹಿಂಡಿ, ನೊರೆ ನಿಲ್ಲುವ ತನಕ ನೀರು ಬದಲಿಸಬೇಕು. ಏಳು ನೀರು, ಒಂದು ಗಂಟೆ. ಜಯಾ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೈಸೂರಿನಲ್ಲಿ ಬಿ.ಫಾರ್ಮ್ ಓದಿದವಳು, ಬರೆದುಕೊಳ್ಳುವುದು ಅಭ್ಯಾಸ. ನವೆಂಬರಿನ ಚಳಿಗೆ ಕುಂಡಗಳನ್ನು ಗರಾಜಿಗೆ ಸಾಗಿಸಿದವಳೂ ಅವಳೇ.

ಕೇಶವಮೂರ್ತಿಯವರು ಆ ನೋಟ್‌ಬುಕ್ಕನ್ನು ಸ್ಲೈಡುಗಳಾಗಿ ಮಾಡಿಕೊಂಡರು. ಇಫೆಯೋಮಾಳ ಅಜ್ಜಿ ಅಲ್ಲಿ ‘ಒಬ್ಬ ವೃದ್ಧ ವೈದ್ಯರು’ ಆದಳು. ಇಂಟರ್ನೆಟ್ಟಿನಿಂದ ಒಂದು ಬಿಳಿ ಗಡ್ಡವೂ ಬಂತು. ತೊಳೆಯುವ ಪುಟವನ್ನು ಮಾತ್ರ ಅವರು ಬಿಟ್ಟುಬಿಟ್ಟರು. ಅದು ಅಡುಗೆಮನೆಯ ವಿಷಯ, ವಿಜ್ಞಾನವಲ್ಲ. ಕೊನೆಯಲ್ಲಿ ಸೊಪ್ಪು ಹಿಡಿದ ಎರಡು ಕೈಗಳ ಫೋಟೊ. ಹಸಿರು ಗಾಜಿನ ಬಳೆಗಳವರೆಗೆ ಜಯಾ ಇದ್ದಳು, ಅದರ ಮೇಲೆ ಕತ್ತರಿಸಿತ್ತು.

ಅವಳು ಫಾರ್ಮಸಿ ಟೆಕ್ನಿಷಿಯನ್ ಪರೀಕ್ಷೆಗೆ ಓದುತ್ತಿದ್ದಳು, ಸೊಪ್ಪಿನ ಪಾತ್ರೆಯ ಪಕ್ಕ ಪುಸ್ತಕ ಒರಗಿಸಿಕೊಂಡು. ಒಮ್ಮೆ ಮುಂದೂಡಿದ್ದಾಗಿತ್ತು, ಡರ್ಹಮ್‌ನಿಂದ ಗಂಡನ ತಂಗಿಯ ಸಂಸಾರ ಹತ್ತು ದಿನಕ್ಕೆಂದು ಬಂದಿದ್ದರಿಂದ. ಪಾಸಾದರೆ ಕೆಲಸ ಕೊಡುವುದಾಗಿ ಹೇಳಿದ್ದ, ಪಕ್ಕದ ಊರು ಕಮ್ಮಿಂಗ್‌ನ ಔಷಧಿ ಅಂಗಡಿಯವರು ಇನ್ನು ಏಪ್ರಿಲ್ ಕೊನೆಯ ತನಕ ಮಾತ್ರ ಕಾಯುತ್ತೇವೆ ಎಂದಿದ್ದರು. ಪರೀಕ್ಷೆ ಬಿದ್ದದ್ದು ಕನ್ನಡ ಸಂಘದ ಯುಗಾದಿಯ ಶನಿವಾರವೇ. ಅಂದು ವೇದಿಕೆಯ ಮೇಲೆ ಕೇಶವಮೂರ್ತಿಯವರ ಪ್ರಯೋಗ: ಆಫ್ರಿಕಾದ ಕಹಿಸೊಪ್ಪಿನಿಂದ ನಮ್ಮ ತಂಬುಳಿ. ಆ ತಂಬುಳಿಯನ್ನು ಮೊದಲು ಮಾಡಿ ನೋಡಿದ್ದು ಯಾರೆಂದು ಹೇಳಬೇಕಾಗಿಲ್ಲ.

ಶುಕ್ರವಾರ ಸಂಜೆ ಅವರು ಸೋಫಾದಿಂದಲೇ ಮಾತು ತೆಗೆದರು.

“ಎಕ್ಸಾಮ್ ರೀಶೆಡ್ಯೂಲ್ ಮಾಡ್ಬಿಡು ಜಯಾ. ಯುಗಾದಿ ವರ್ಷಕ್ಕೊಂದೇ ಸಲ.”

“ಹೋದ್ಸಲ ಮಾಡಿದ್ನಲ್ಲ. ಈ ಸಲ ಆಗಲ್ಲ ರೀ.”

“ನಾನು ಸ್ಟೇಜ್ ಮೇಲೆ ಮಾತಾಡ್ಲಾ, ಸೊಪ್ಪು ತೊಳೀಲಾ?”

“ಎರಡೂ ಮಾಡಿ. ನಾನು ಓದ್ತಾನೇ ತೊಳೆದಿಲ್ವಾ? ಉಪ್ಪು ಹಾಕಿ ಉಜ್ಜಿ, ಏಳು ನೀರು. ಒಂದು ಗಂಟೆ ಹಿಡಿಯತ್ತೆ.”

“ಸೊಪ್ಪು ತೊಳೆಯೋಕೆ ಒಂದ್ ಗಂಟೆ. ನಿಂಗೆ ಟೈಮ್ ಮ್ಯಾನೇಜ್‌ಮೆಂಟ್ ಗೊತ್ತಿಲ್ಲ, ಅದಕ್ಕೇ.”

ಜಯಾ ಉಪ್ಪಿನ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ನೋಟ್‌ಬುಕ್ಕನ್ನು ತೊಳೆಯುವ ಪುಟಕ್ಕೆ ತೆರೆದಿಟ್ಟಳು. ಬೆಳಿಗ್ಗೆ ಕಾರು ತೆಗೆದುಕೊಂಡು ಪರೀಕ್ಷೆಗೆ ಹೋದಳು.

ಪಂಡಿತರು ಸೊಪ್ಪನ್ನು ಕೊತ್ತಂಬರಿಯಂತೆ ನಲ್ಲಿಯ ಕೆಳಗೆ ಅರ್ಧ ನಿಮಿಷ ಹಿಡಿದು ಡಬ್ಬಿಗೆ ತುಂಬಿಕೊಂಡು ಹೋದರು. ವೇದಿಕೆಯ ಮೇಲೆ ಮೊಸರಿನ ಜೊತೆ ಮಿಕ್ಸಿಗೆ ಹಾಕಿದಾಗ ಹಸಿರು ನೊರೆ ಜಾರಿನ ಮುಚ್ಚಳ ಎತ್ತಿತು. ನೊರೆಯಲ್ಲೇ ಔಷಧೀಯ ಗುಣವಿದೆ ಎಂದು ಮೈಕಿನಲ್ಲಿ ವಿವರಣೆಯೂ ಆಯಿತು. ಮುಖ್ಯ ಅತಿಥಿ ಬಸವಂತಪ್ಪನವರು ದೊಡ್ಡ ಗುಟುಕು ಹೀರಿದರು. ಮರುಕ್ಷಣವೇ ಅದನ್ನು ತಮ್ಮ ಹೂಗುಚ್ಛದೊಳಗೆ ಉಗಿದು, ಆಗತಾನೆ ಹೊದಿಸಿದ್ದ ಶಾಲಿನಿಂದ ನಾಲಿಗೆ ಒರೆಸಿಕೊಂಡರು. ಪರದೆಯ ಮೇಲೆ ಇನ್ನೂ ಆ ಬಳೆಯ ಕೈಗಳ ಫೋಟೊ ಇತ್ತು. ಮುಂದಿನ ಸಾಲಿನ ಹಿರಿಯೆ ಮಹಾದೇವಕ್ಕ ಅದನ್ನೇ ನೋಡುತ್ತಿದ್ದರು.

“ಫೋಟೊದಲ್ಲಿರೋ ಕೈಗಳು ಇವತ್ತು ಬರ್ಲಿಲ್ವೇನಪ್ಪಾ ಮೂರ್ತಿ?”

ಸಭೆ ನಕ್ಕಿತು. ಕೇಶವಮೂರ್ತಿಯವರು ಈ ಬ್ಯಾಚಿನ ಎಲೆಗಳು ಸರಿಯಿಲ್ಲವೆಂದು ಹೇಳಿ ಇಳಿದರು.

ಮಧ್ಯಾಹ್ನ ಜಯಾ ಮನೆಗೆ ಬಂದಾಗ ಅವರು ಸೋಫಾದಲ್ಲಿದ್ದರು. ಇಫೆಯೋಮಾ ಕೆಟ್ಟ ತಳಿ ಕೊಟ್ಟಿದ್ದಾಳೆ ಎಂದರು. ಬಸವಂತಪ್ಪನಿಗೆ ರುಚಿ ಗೊತ್ತಿಲ್ಲ, ಜನರಿಗೆ ಗಾಂಭೀರ್ಯವಿಲ್ಲ ಎಂದರು. ಪರೀಕ್ಷೆಯ ಬಗ್ಗೆ ಕೇಳಲಿಲ್ಲ, ಅವಳೇ ಹೇಳಿದಳು.

“ಪಾಸಾಯ್ತು. ಮಂಡೇಯಿಂದ ಕೆಲಸ.”

“ಒಳ್ಳೇದಾಯ್ತು. ಆ ಜಾರ್ ಒಂದು ತೊಳೆದ್ಬಿಡು, ವಾಸನೆ ಬರ್ತಿದೆ.”

ಜಯಾ ಸಿಂಕಿನ ಕಡೆ ನೋಡಿದಳು. ಜಾರಿನ ಅಂಚಿಗೆ ಮೊಸರು ಗಟ್ಟಿಯಾಗಿ ಹತ್ತಿತ್ತು. ಅವಳು ಕೈ ತೊಳೆದುಕೊಂಡು, ಬೇಲಿಯ ಹತ್ತಿರ ಹೋಗಿ ಇಫೆಯೋಮಾಳಿಗೆ ಸುದ್ದಿ ಹೇಳಿದಳು.

ಸೋಮವಾರ ಅವಳು ಕಮ್ಮಿಂಗ್‌ಗೆ ಹೋದಳು. ಮಂಗಳವಾರವೂ, ಬುಧವಾರವೂ. ಜಾರು ಸಿಂಕಿನಲ್ಲೇ ಇತ್ತು. ಗುರುವಾರ, ವಾಸನೆ ಸೋಫಾದವರೆಗೆ ಬಂದ ಮೇಲೆ, ಕೇಶವಮೂರ್ತಿಯವರು ಎದ್ದು ಅದನ್ನು ತೊಳೆದರು. ಎಷ್ಟು ನೀರು ಹಿಡಿಯಿತೆಂದು ಯಾವ ಉಪನ್ಯಾಸದಲ್ಲೂ ಇದುವರೆಗೆ ಹೇಳಿಲ್ಲ.